ತಿಂದದ್ದು ಮೈಗೆ ಹತ್ತುವುದೆಂದರೆ

ಡಿಸೆಂಬರಿನ ಒಂದು ನಸುಕಿನಲ್ಲಿ ಕೋಲಾರದ ಕಡೆಯ ಬಾಯ್ಲರ್ ಕೋಳಿ ಶೆಡ್ಡೊಂದರಲ್ಲಿ ತೂಕ ಹಾಕುತ್ತಿದ್ದೆವು. ಬ್ಯಾಚಿಗೆ 35 ದಿನ ತುಂಬಿತ್ತು. ಒಂದೇ ಹ್ಯಾಚರಿಯಿಂದ ಒಂದೇ ದಿನ ಇಳಿದ ಮರಿಗಳು, ಒಂದೇ ಲೋಡಿನ ಮೇವು, ಒಂದೇ ತೊಟ್ಟಿಯ ನೀರು. ಕೈಗೆ ಸಿಕ್ಕ ಮೊದಲ ಹುಂಜ 2 ಕೆಜಿ 150 ಗ್ರಾಂ ತೂಗಿತು. ಅದರ ಪಕ್ಕದಲ್ಲೇ ಭತ್ತದ ಹೊಟ್ಟಿನ ಮೇಲೆ ಕುಳಿತಿದ್ದ ಇನ್ನೊಂದು ಹುಂಜ 1 ಕೆಜಿ 620. ಎರಡನೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಕಾಲು ನೆಟ್ಟಗಿತ್ತು, ಕಣ್ಣು ಚುರುಕಾಗಿತ್ತು, ಕತ್ತಿನ ಬುಡದ ಚೀಲದ ತುಂಬ ಮೇವಿತ್ತು. ಶೆಡ್ಡಿನ ಯಜಮಾನರು ಅದನ್ನು ವಾಪಸು ಇಳಿಸುತ್ತ ಹೇಳಿದರು: "ಇದೂ ಅಷ್ಟೇ ತಿಂತದೆ ಡಾಕ್ಟ್ರೇ, ಮೈಗೆ ಮಾತ್ರ ಹತ್ತಲ್ಲ."

ಮೈಗೆ ಹತ್ತದಿರುವುದು ನಮಗೆಲ್ಲ ಗೊತ್ತಿರುವ ಮಾತು. ಮನೆಯ ಮಗುವಿಗೂ ಹೇಳುತ್ತೇವೆ, ಹಟ್ಟಿಯ ಕರುವಿಗೂ ಹೇಳುತ್ತೇವೆ. ಇದಕ್ಕೆ ಪಶುವೈದ್ಯರು ಸಾಮಾನ್ಯವಾಗಿ ಹುಡುಕುವ ಕಾರಣಗಳು ಜಂತುಹುಳು, ಅಜೀರ್ಣ, ಅಡಗಿದ ರೋಗ, ಕಳಪೆ ಮರಿ. ನಾನೂ ಬಹಳ ವರ್ಷ ಅಲ್ಲಿಗೇ ನಿಲ್ಲುತ್ತಿದ್ದೆ. ಆದರೆ ಜೀರ್ಣವಾಗಿ, ರಕ್ತಕ್ಕೆ ಸೇರಿ, ಜೀವಕೋಶದ ಒಳಕ್ಕೆ ಹೋದ ಮೇಲೂ ಆಹಾರ ಸೋರಿಹೋಗುವ ಒಂದು ಜಾಗವಿದೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಆ ಜಾಗದ ಬಗ್ಗೆ ಸಿಕ್ಕಿರುವ ತಿಳಿವಳಿಕೆ ಕೋಳಿ ಸಾಕುವವರ ಲೆಕ್ಕಪುಸ್ತಕಕ್ಕೆ ನೇರವಾಗಿ ಸಂಬಂಧಪಟ್ಟಿದ್ದು. ಅದು ಇನ್ನೂ ಶೆಡ್ಡಿನ ಬಾಗಿಲಿಗೆ ಬಂದಿಲ್ಲ ಎಂಬುದೇ ನನ್ನ ಕೊರಗು.

ಲೆಕ್ಕ ಎಷ್ಟು ದೊಡ್ಡದೆಂದು ಮೊದಲು ನೋಡೋಣ. ಕೋಳಿ ಸಾಕಣೆಯ ಖರ್ಚಿನಲ್ಲಿ ಶೇ. 60ರಿಂದ 70ರಷ್ಟು ಮೇವಿಗೇ ಹೋಗುತ್ತದೆ. ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಮೇವು ಬೇಕಾಯಿತು ಎಂಬುದನ್ನು ಎಫ್‌ಸಿಆರ್ ಎನ್ನುತ್ತಾರೆ. ಈ ಮೂರ್ನಾಲ್ಕು ಅಕ್ಷರ ಗೊತ್ತಿಲ್ಲದ ಬಾಯ್ಲರ್ ಸಾಕಣೆದಾರ ನಮ್ಮಲ್ಲಿಲ್ಲ. 5,000 ಕೋಳಿಯ ಶೆಡ್ಡಿನಲ್ಲಿ ಸರಾಸರಿ 2.1 ಕೆಜಿ ತೂಕ ಬಂದರೆ ಒಟ್ಟು 10,500 ಕೆಜಿ. ಎಫ್‌ಸಿಆರ್ 1.6ರಿಂದ 1.7ಕ್ಕೆ ಜಾರಿದರೆ 1,050 ಕೆಜಿ ಮೇವು ಹೆಚ್ಚು, ಅಂದರೆ 50 ಕೆಜಿಯ 21 ಮೂಟೆ. ಕಂಪನಿಗಳಿಗೆ ಕಾಂಟ್ರಾಕ್ಟ್ ಮೇಲೆ ಸಾಕಿಕೊಡುವವರ ಕೂಲಿ ಏರುವುದೂ ಇಳಿಯುವುದೂ ಹೆಚ್ಚಾಗಿ ಇದೇ ಸಂಖ್ಯೆಯ ಮೇಲೆ.

ಇದರ ಜೊತೆಗೆ ಮೆಕ್ಕೆಜೋಳದ ಕತೆ ಬದಲಾಗಿದೆ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳಕ್ಕೆ ಹಿಂದೆ ಕೋಳಿ ಮೇವಿನವರೇ ದೊಡ್ಡ ಗಿರಾಕಿಗಳು. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ಹಿಂದೆ ತಂದಿತು. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಬಿದ್ದ ಮೇಲೆ ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು. ವರ್ಷವರ್ಷವೂ ಮೆಕ್ಕೆಜೋಳ ಹೊರಗೆ ಕಳಿಸುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ತರಿಸಿಕೊಂಡಿತು. ಬೆಲೆ ಮುಂದೆ ಏರಲಿ ಇಳಿಯಲಿ, ಆ ಕಾಳಿಗೆ ಈಗ ಇಬ್ಬರು ಹಕ್ಕುದಾರರು. ಪ್ರತಿ ಕೆಜಿ ಮೇವು ಎಷ್ಟು ಮಾಂಸವಾಯಿತು, ಎಷ್ಟು ಬರೀ ಬಿಸಿಯಾಗಿ ಗಾಳಿಗೆ ಹೋಯಿತು ಎಂದು ಕೇಳಬೇಕಾದ ಹೊತ್ತು ಇದು.

ಜೀವಕೋಶದೊಳಗೆ ನಡೆಯುವುದನ್ನು ಹೇಳಲು ನನಗೆ ಶರಾವತಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಲಿಂಗನಮಕ್ಕಿಯಲ್ಲಿ ನೀರು ಎತ್ತರದಲ್ಲಿ ನಿಂತಿದೆ, ಕೊಳವೆಯಲ್ಲಿ ಇಳಿದು ಟರ್ಬೈನ್ ತಿರುಗಿಸುತ್ತದೆ, ಕರೆಂಟು ಹುಟ್ಟುತ್ತದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗವಾದ ಮೈಟೊಕಾಂಡ್ರಿಯವೂ ಒಂದು ಜಲಾಶಯ. ಆಹಾರದಿಂದ ಕಳಚಿದ ಎಲೆಕ್ಟ್ರಾನುಗಳು ಅದರ ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ ನಾವು ಉಸಿರಾಡಿದ ಆಮ್ಲಜನಕವನ್ನು ಸೇರುತ್ತವೆ. ದಾಟುವಾಗ ಸಿಗುವ ಶಕ್ತಿಯಿಂದ ಪ್ರೋಟಾನುಗಳನ್ನು ಪೊರೆಯ ಆಚೆಗೆ ಎತ್ತಿ ಹಾಕಲಾಗುತ್ತದೆ. ಹಾಗೆ ಎತ್ತರದಲ್ಲಿ ಕೂಡಿಟ್ಟ ಪ್ರೋಟಾನುಗಳು ಒಂದು ಪುಟ್ಟ ಪ್ರೋಟೀನ್ ಯಂತ್ರದ ಮೂಲಕ ಮರಳಿ ಇಳಿಯುವಾಗ ಆ ಯಂತ್ರ ನಿಜವಾಗಿಯೂ ಗರಗರ ತಿರುಗುತ್ತದೆ. ನಮ್ಮಂಥ ಪ್ರಾಣಿಗಳಲ್ಲಿ 8 ಪ್ರೋಟಾನು ಇಳಿದರೆ ಒಂದು ಸುತ್ತು, ಒಂದು ಸುತ್ತಿಗೆ 3 ಎಟಿಪಿ. ಈ ಎಟಿಪಿಯೇ ಜೀವಕೋಶದ ಚಲಾವಣೆಯ ನಾಣ್ಯ. ಇಂಗ್ಲೆಂಡಿನ ವಿಜ್ಞಾನಿ ಪೀಟರ್ ಮಿಚೆಲ್ ಈ ಪ್ರೋಟಾನು ಜಲಾಶಯದ ಮಾತನ್ನು 1961ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. 1978ರಲ್ಲಿ ಅವರಿಗೆ ನೊಬೆಲ್ ಬಂತು. ತಿರುಗುವ ಯಂತ್ರದ ಗುಟ್ಟು ಬಿಡಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ.

ಬೆಳವಣಿಗೆ ಅಂದರೆ ಮುಖ್ಯವಾಗಿ ಪ್ರೋಟೀನ್ ಕಟ್ಟುವ ಕೆಲಸ. ಒಂದು ಅಮೈನೊ ಆಮ್ಲವನ್ನು ಇನ್ನೊಂದಕ್ಕೆ ಪೋಣಿಸಲು ಕನಿಷ್ಠ 4 ಎಟಿಪಿಯಷ್ಟು ಶಕ್ತಿ ಬೇಕು. ಎದೆಯ ಸ್ನಾಯುವಿನ ಒಂದೊಂದು ಎಳೆಯಲ್ಲೂ ಇಂಥ ಪೋಣಿಕೆ ಲೆಕ್ಕವಿಲ್ಲದಷ್ಟು. ಅದೂ ಒಂದೇ ಸಲ ಕಟ್ಟಿ ಮುಗಿಯುವುದಿಲ್ಲ. ಕಟ್ಟಿದ್ದರಲ್ಲಿ ಒಂದು ಪಾಲನ್ನು ದೇಹವೇ ಒಡೆದು ಮತ್ತೆ ಕಟ್ಟುತ್ತಿರುತ್ತದೆ. ಉಸಿರಾಟ, ಗುಂಡಿಗೆಯ ಬಡಿತ, ಕೋಶದ ಉಪ್ಪಿನ ಹದ ಇವುಗಳಿಗೆ ಎಟಿಪಿ ಮೊದಲು ಸಂದಾಯವಾಗಬೇಕು. ಉಳಿದದ್ದು ಬೆಳವಣಿಗೆಗೆ.

ಜಲಾಶಯ ಎಂದ ಮೇಲೆ ಸೋರಿಕೆಯೂ ಇರಬೇಕಲ್ಲ. ಎತ್ತಿದ ಪ್ರೋಟಾನುಗಳೆಲ್ಲ ಟರ್ಬೈನಿನಲ್ಲೇ ಇಳಿಯುವುದಿಲ್ಲ. ಕೆಲವು ಪೊರೆಯಲ್ಲಿ ಜಿನುಗಿ ಹಾಗೇ ಒಳಬರುತ್ತವೆ. ಆಹಾರ ಸುಟ್ಟಿತು, ಆಮ್ಲಜನಕ ಖರ್ಚಾಯಿತು, ಎಟಿಪಿ ಹುಟ್ಟಲಿಲ್ಲ. ಮೈ ಬಿಸಿಯಾಯಿತು, ಅಷ್ಟೇ. ಇದು ಸಣ್ಣ ಸೋರಿಕೆಯೂ ಅಲ್ಲ. ಇಲಿಗಳಲ್ಲಿ ಅಳೆದಾಗ, ಸುಮ್ಮನೆ ಮಲಗಿರುವ ಇಲಿ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಈ ಜಿನುಗಿಗೇ ಹೋಗುತ್ತದೆ ಎಂದು ಕಂಡಿತು. ಇನ್ನೊಂದು ಬಗೆಯ ಸೋರಿಕೆಯೂ ಇದೆ. ಕೈಯಿಂದ ಕೈಗೆ ದಾಟುವ ಎಲೆಕ್ಟ್ರಾನು ನಡುದಾರಿಯಲ್ಲೇ ಜಾರಿ ಆಮ್ಲಜನಕಕ್ಕೆ ಅಂಟಿಕೊಂಡರೆ ಸೂಪರ್‌ಆಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಇವು ಪಕ್ಕದ ಪ್ರೋಟೀನು, ಕೊಬ್ಬು, ಡಿಎನ್ಎ ಎಲ್ಲವನ್ನೂ ಕೆಡಿಸುತ್ತವೆ. ಮೊದಲನೆಯ ಸೋರಿಕೆಯಿಂದ ನಷ್ಟ, ಎರಡನೆಯದರಿಂದ ಹಾನಿ. ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ನಮ್ಮ ಎರಡು ಹುಂಜಗಳಿಗೆ ಮರಳೋಣ. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ವಾಲ್ಟರ್ ಬಾಟ್ಜಿ ಅವರ ತಂಡ 2000ದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಒಂದೇ ತಳಿಯ, ಒಂದೇ ವಯಸ್ಸಿನ ಬಾಯ್ಲರ್ ಹುಂಜಗಳನ್ನು ಒಂದೊಂದಾಗಿ ಬೇರೆ ಬೇರೆ ಗೂಡಿನಲ್ಲಿಟ್ಟು ತಿಂದ ಮೇವು, ಬಂದ ತೂಕ ಎರಡನ್ನೂ ಅಳೆದರು. ಮೇವು ಚೆನ್ನಾಗಿ ಮೈಗೆ ಹತ್ತಿದವು ಒಂದು ಗುಂಪು, ಹತ್ತದವು ಇನ್ನೊಂದು. ಎರಡೂ ಗುಂಪು ತಿಂದದ್ದು ಹೆಚ್ಚುಕಡಿಮೆ ಒಂದೇ ಅಳತೆ. ಬಂದ ತೂಕ ಬೇರೆ. ಅವುಗಳ ಸ್ನಾಯುವಿನಿಂದ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿ ನೋಡಿದಾಗ, ಮೈಗೆ ಹತ್ತದ ಕೋಳಿಗಳಲ್ಲಿ ಎಲೆಕ್ಟ್ರಾನ್ ಸೋರಿಕೆ ಹೆಚ್ಚು, ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚು, ಕೆಟ್ಟ ಪ್ರೋಟೀನುಗಳೂ ಹೆಚ್ಚು. ಕೆಟ್ಟದ್ದನ್ನು ಒಡೆದು ಹೊಸದಾಗಿ ಕಟ್ಟಲು ಮತ್ತೆ ಎಟಿಪಿ ಬೇಕು. ಬೆಳವಣಿಗೆಗೆ ಹೋಗಬೇಕಾದ ನಾಣ್ಯ ರಿಪೇರಿಗೆ ಹೋಗುತ್ತದೆ. ನಮ್ಮ ಶೆಡ್ಡಿನ ಯಜಮಾನರು ಕಣ್ಣಳತೆಯಲ್ಲಿ ಹೇಳಿದ್ದನ್ನು ಆ ಪ್ರಯೋಗಾಲಯ ತಕ್ಕಡಿಯಲ್ಲಿಟ್ಟು ತೋರಿಸಿತ್ತು.

ಇಂಥದ್ದೇ ಫಲ ಮೀನಿನಲ್ಲೂ ಸಿಕ್ಕಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಕರೀನ್ ಸಾಲಿನ್, ನೀಲ್ ಮೆಟ್‌ಕಾಫ್ ಮತ್ತು ಸಂಗಡಿಗರು ಕಂದು ಟ್ರೌಟ್ ಮರಿಗಳಿಗೆ ಅಳೆದು ಸಮನಾಗಿ ಆಹಾರ ಕೊಟ್ಟರು. ಬೆಳವಣಿಗೆ ಸಮನಾಗಲಿಲ್ಲ. ಒಂದೇ ಅಳತೆಯ ಆಮ್ಲಜನಕದಿಂದ ಹೆಚ್ಚು ಎಟಿಪಿ ಹುಟ್ಟಿಸಬಲ್ಲ ಮೈಟೊಕಾಂಡ್ರಿಯವಿದ್ದ ಮೀನುಗಳು ಬೇಗ ಬೆಳೆದವು ಎಂದು 2019ರಲ್ಲಿ ಪ್ರಕಟಿಸಿದರು.

ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಸೋರಿಕೆಯಿಂದ ಬೆಳವಣಿಗೆ ಕುಗ್ಗಿತೋ, ಕುಗ್ಗಿದ ದೇಹದಲ್ಲಿ ಸೋರಿಕೆ ಹೆಚ್ಚಿತೋ? ಇದಕ್ಕೆ ಕೈಯಾರೆ ತೂತು ಕೊರೆದೇ ನೋಡಬೇಕು. ಆ ತೂತು ಕೊರೆಯುವ ರಾಸಾಯನಿಕವೇ ಡೈನೈಟ್ರೋಫಿನಾಲ್. ಅದು ಪ್ರೋಟಾನುಗಳನ್ನು ಪೊರೆಯ ಒಳಕ್ಕೆ ಹೊತ್ತು ತಂದು ಸುರಿಯುತ್ತದೆ. ಫ್ರಾನ್ಸಿನ ಲಿಯಾಂನಲ್ಲಿ ಕಪ್ಪೆಯ ಗೊದಮೊಟ್ಟೆಗಳಿಗೆ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಅವುಗಳ ಬೆಳವಣಿಗೆ ನಿಧಾನವಾಯಿತು; 2012ರಲ್ಲಿ ಬಂದ ಆ ಫಲಿತಾಂಶ ಕಾರಣದ ಬದಿಗೆ ತಕ್ಕಡಿಯನ್ನು ವಾಲಿಸಿತು. ಮನುಷ್ಯರಲ್ಲಿ ಇದರ ಕತೆ ದುಃಖದ್ದು. ತೂಕ ಇಳಿಸುವ ಔಷಧಿಯೆಂದು 1933ರಿಂದ ಅಮೆರಿಕದಲ್ಲಿ ಇದನ್ನು ನುಂಗಿದರು, ತೂಕ ಇಳಿಯಿತು. ಜೊತೆಗೆ ಕಣ್ಣಿಗೆ ಪೊರೆ ಬಂತು, ಮೈ ಒಳಗಿಂದೊಳಗೇ ಬೆಂದು ಜನ ಸತ್ತರು. 1938ರಲ್ಲಿ ಅಲ್ಲಿನ ಸರ್ಕಾರ ಮನುಷ್ಯರು ಸೇವಿಸಬಾರದೆಂದು ಹೇಳಿತು. ಇಂದಿಗೂ ಅಂತರ್ಜಾಲದಲ್ಲಿ ಕದ್ದು ಮಾರುತ್ತಾರೆ. ದಯವಿಟ್ಟು ಯಾರೂ ಅದರ ಹತ್ತಿರ ಹೋಗಬೇಡಿ.

ಹಾಗಾದರೆ ಸೋರಿಕೆ ಪೂರ್ತಿ ಮುಚ್ಚಿದ ಕೋಳಿಯನ್ನು ಹುಟ್ಟಿಸಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ. ಜಿನುಗು ಬರೀ ನಷ್ಟವಲ್ಲ, ಬಿಸಿರಕ್ತದ ಪ್ರಾಣಿಗೆ ಅದು ಒಲೆ. ನವಜಾತ ಶಿಶುವಿನ ಬೆನ್ನಿನ ಕಂದು ಕೊಬ್ಬಿನಲ್ಲಿ ಪ್ರೋಟಾನು ಸೋರಿಸಲೆಂದೇ ಯುಸಿಪಿ1 ಎಂಬ ಪ್ರೋಟೀನ್ ಇದೆ. ಹಂದಿಯ ಪೂರ್ವಜರು ಸುಮಾರು 2 ಕೋಟಿ ವರ್ಷದ ಹಿಂದೆ ಈ ಜೀನನ್ನು ಕಳೆದುಕೊಂಡರು. ಹುಟ್ಟಿದ ಹಂದಿಮರಿ ಥರಗುಟ್ಟಿ ನಡುಗುವುದು, ಬೆಚ್ಚಗಿನ ಬಲ್ಬು ಇಲ್ಲದಿದ್ದರೆ ಸಾಯುವುದು ಇದರಿಂದಲೇ. ಹಕ್ಕಿಗಳಿಗೂ ಕಂದು ಕೊಬ್ಬಿಲ್ಲ. ಕೋಳಿಮರಿಗೆ ಬಿಸಿ ಬರಬೇಕಾದ್ದು ಸ್ನಾಯುವಿನಿಂದ, ಮೊದಲ ವಾರದಲ್ಲಿ ಅದಕ್ಕೂ ಶಕ್ತಿ ಸಾಲದು. ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಕೆಳಗೆ 32–34 ಡಿಗ್ರಿ ಇಡಬೇಕೆಂದು ನಾವು ಹೇಳುವುದು ಅದಕ್ಕೇ. ಹೊರಗಿನ ಒಲೆ ಉರಿದರೆ ಮರಿ ತನ್ನ ಮೇವನ್ನು ಸುಟ್ಟುಕೊಳ್ಳಬೇಕಾಗಿಲ್ಲ.

ಜಿನುಗಿಗೆ ಇನ್ನೊಂದು ಕೆಲಸವೂ ಇದೆ. ಜಲಾಶಯ ತುಂಬಿ ಟರ್ಬೈನ್ ನಿಧಾನವಾದರೆ ಮೇಲಿನ ಎಲೆಕ್ಟ್ರಾನುಗಳು ಮುಂದೆ ಹೋಗಲಾರದೆ ದಾರಿಯಲ್ಲೇ ಜಾರುತ್ತವೆ, ಅಂದರೆ ಎರಡನೆಯ ಸೋರಿಕೆ, ಹಾನಿಯ ಸೋರಿಕೆ ಹೆಚ್ಚುತ್ತದೆ. ಸ್ವಲ್ಪ ಜಿನುಗು ಒತ್ತಡ ಇಳಿಸಿ ಅದನ್ನು ತಡೆಯುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಸ್ಪೀಕ್‌ಮನ್ ತಂಡ 2004ರಲ್ಲಿ ತೋರಿಸಿದ್ದು ನೆನಪಾಗುತ್ತದೆ: ಹೆಚ್ಚು ಶಕ್ತಿ ಸುಡುತ್ತಿದ್ದ, ಜಿನುಗು ಹೆಚ್ಚಿದ್ದ ಇಲಿಗಳೇ ಹೆಚ್ಚು ಕಾಲ ಬದುಕಿದವು. 40 ದಿನಕ್ಕೆ ಅಂಗಡಿಗೆ ಹೋಗುವ ಬಾಯ್ಲರಿಗೆ ಆಯುಸ್ಸಿನ ಪ್ರಶ್ನೆ ಇಲ್ಲ ಎನ್ನಬಹುದು. ಆದರೆ ಅದನ್ನು ಹೆರುವ ಪೇರೆಂಟ್ ಕೋಳಿ ಒಂದು ವರ್ಷಕ್ಕೂ ಮೇಲೆ ಬದುಕಿ ಮೊಟ್ಟೆ ಇಡಬೇಕು. ಕರಾವಿನ ಹಸು ಹತ್ತು ವರ್ಷ ಬಾಳಬೇಕು.

ನಾನು ಈ ಸೋರಿಕೆಗಳ ಪರಿಣಾಮವನ್ನು ಹೆಚ್ಚು ಕಾಣುವುದು ಎರಡು ಕಾಲದಲ್ಲಿ, ಡಿಸೆಂಬರ್–ಜನವರಿಯ ಚಳಿಯಲ್ಲಿ ಮತ್ತು ಏಪ್ರಿಲ್‌ನ ಬಿಸಿಲಿನಲ್ಲಿ.

ಚಳಿಯ ರಾತ್ರಿ ಸಾಕುವವರು ಪರದೆಗಳನ್ನು ನೆಲಮಟ್ಟ ಇಳಿಸಿ ಬಿಗಿಯುತ್ತಾರೆ. ಒಳಗೆ ಅಮೋನಿಯ ತುಂಬಿ ಬೆಳಗ್ಗೆ ಕಣ್ಣುರಿ ಬರುತ್ತದೆ. ಚಳಿಗೆ ಕೋಳಿ ಹೆಚ್ಚು ಸುಡಬೇಕು, ಸುಡಲು ಹೆಚ್ಚು ಆಮ್ಲಜನಕ ಬೇಕು, ಶೆಡ್ಡಿನಲ್ಲಿ ಹೊಸ ಗಾಳಿಯೇ ಇಲ್ಲ. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಹಿಗ್ಗುವುದಿಲ್ಲ. ಅದರಲ್ಲಿ ರಕ್ತ ತಳ್ಳಲು ಗುಂಡಿಗೆಯ ಬಲಭಾಗ ಒದ್ದಾಡಿ ದೊಡ್ಡದಾಗುತ್ತದೆ, ಕೊನೆಗೆ ಹೊಟ್ಟೆಯಲ್ಲಿ ಹಳದಿ ನೀರು ತುಂಬುತ್ತದೆ. ನೀರುಹೊಟ್ಟೆ ಎನ್ನುವ ಈ ರೋಗದಲ್ಲಿ ಸಾಯುವುದು ಅನೇಕ ಸಲ ಬ್ಯಾಚಿನ ಅತಿ ದೊಡ್ಡ ಹುಂಜಗಳೇ. ಕೊಯ್ದು ನೋಡಿದಾಗ ಕೈತುಂಬ ಎದೆಮಾಂಸ, ಅದರ ಪಕ್ಕದಲ್ಲಿ ಸಡಿಲವಾಗಿ ಜೋತುಬಿದ್ದ ಗುಂಡಿಗೆ. ಅರ್ಕನ್ಸಾದ ಅದೇ ಪ್ರಯೋಗಾಲಯ ಮೇವಿನ ಪ್ರಶ್ನೆಗೆ ಬರುವ ಮೊದಲು ನೋಡಿದ್ದು ನೀರುಹೊಟ್ಟೆಯ ಕೋಳಿಗಳ ಮೈಟೊಕಾಂಡ್ರಿಯಗಳನ್ನು. ಅಲ್ಲೂ ಎಲೆಕ್ಟ್ರಾನುಗಳು ಸೋರುತ್ತಿದ್ದವು.

ಬೇಸಿಗೆಯಲ್ಲಿ ಕತೆ ಇನ್ನೊಂದು ತುದಿ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಬಿಸಿ ಕಳೆಯಬೇಕು. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಅಹ್ಮದ್ ಮುಜಾಹಿದ್ ಮತ್ತು ಮಸಾಕಿ ತೊಯೊಮಿಜು ಬಾಯ್ಲರುಗಳನ್ನು ತೀವ್ರ ಬಿಸಿಗೆ ಒಡ್ಡಿ ನೋಡಿದಾಗ ಸ್ನಾಯುವಿನ ಮೈಟೊಕಾಂಡ್ರಿಯದಲ್ಲಿ ಸೂಪರ್‌ಆಕ್ಸೈಡ್ ಏರಿತ್ತು, ಪೊರೆಯ ಒತ್ತಡ ಇಳಿಸಬಲ್ಲ, ಹಕ್ಕಿಗಳಲ್ಲಿರುವ ಯುಸಿಪಿ ಬಗೆಯ ಪ್ರೋಟೀನ್ ಕಡಿಮೆಯಾಗಿತ್ತು. ಒಲೆಯನ್ನು ಕಡಿಮೆ ಮಾಡಲು ಹೋದ ದೇಹಕ್ಕೆ ಹೊಗೆ ಜಾಸ್ತಿಯಾದಂತೆ. ಮಧ್ಯಾಹ್ನ ಮೇವಿನ ಪಾತ್ರೆ ಎತ್ತಿಟ್ಟು ಬೆಳಗಿನ ಜಾವ, ಸಂಜೆಯ ತಂಪಿನಲ್ಲಿ ಹಾಕುವ ನಮ್ಮ ಸಾಕಣೆದಾರರ ಪದ್ಧತಿ ಈ ಕಾರಣಕ್ಕೆ ಸರಿಯಾದದ್ದು. ಜೀರ್ಣಿಸುವ ಕೆಲಸದ ಬಿಸಿ ಸೂರ್ಯನ ಬಿಸಿಯ ಜೊತೆ ಸೇರುವುದಿಲ್ಲ.

ಬಾಯ್ಲರ್ ಇಷ್ಟು ಬೇಗ ಬೆಳೆಯಲು ಕಾರಣ ಮೈಟೊಕಾಂಡ್ರಿಯ ಸುಧಾರಿಸಿದ್ದೇ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ, 1978ರ ಹಳೆಯ ತಳಿಗಳನ್ನು ಹಾಗೇ ಉಳಿಸಿಕೊಂಡಿದ್ದರು. ಅವನ್ನು 2005ರ ತಳಿಯ ಜೊತೆ ಒಂದೇ ಮೇವಿನ ಮೇಲೆ ಸಾಕಿದಾಗ 56 ದಿನಕ್ಕೆ ಬಂದ ಸರಾಸರಿ ತೂಕ 905 ಗ್ರಾಂ, 1,808 ಗ್ರಾಂ, 4,202 ಗ್ರಾಂ. ಈ ಅಂತರದ ದೊಡ್ಡ ಪಾಲು ಹಸಿವಿನಿಂದ ಬಂದದ್ದು. ಹೊಸ ತಳಿ ಹೆಚ್ಚು ತಿನ್ನುತ್ತದೆ, ಎರಡು ಕೆಜಿಯನ್ನು ಎಷ್ಟೋ ದಿನ ಮುಂಚೆ ಮುಟ್ಟುತ್ತದೆ, ಅಷ್ಟು ದಿನಗಳ ಮೈ ನಿಭಾಯಿಸುವ ಖರ್ಚು ಉಳಿಯುತ್ತದೆ. ಬೇಗ ಮುಗಿದ ಮನೆ ಕೆಲಸಕ್ಕೆ ಬಾಡಿಗೆ ಕಡಿಮೆ ಬಿದ್ದಂತೆ. ಕೋಶದ ದಕ್ಷತೆಯ ಪಾಲು ಎಷ್ಟೆಂದು ತಿಳಿಯಬೇಕಾದರೆ ಈ ಉಳಿತಾಯವನ್ನು ಕಳೆದು ನೋಡಬೇಕು. 1963ರಿಂದ ತಳಿವಿಜ್ಞಾನಿಗಳು ಬಳಸುವ ಒಂದು ದಾರಿ ಇದೆ: ಇಷ್ಟು ತೂಕದ, ಇಷ್ಟು ಬೆಳೆದ ಪ್ರಾಣಿ ಇಷ್ಟು ತಿನ್ನಬೇಕು ಎಂದು ಲೆಕ್ಕ ಹಾಕಿ, ನಿಜವಾಗಿ ತಿಂದದ್ದು ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ನೋಡುವುದು. ನಮ್ಮ ಎರಡು ಹುಂಜಗಳ ನಡುವಿನ ನಿಜವಾದ ವ್ಯತ್ಯಾಸ ಆ ಉಳಿಕೆಯಲ್ಲೇ ಅಡಗಿದೆ.

ತಳಿಯ ಮಾತು ಬಂದದ್ದರಿಂದ ಒಂದು ಸಂಗತಿ. ಮೈಟೊಕಾಂಡ್ರಿಯಕ್ಕೆ 37 ಜೀನುಗಳ ತನ್ನದೇ ಡಿಎನ್ಎ ಇದೆ, ಅದು ತಾಯಿಯಿಂದ ಮಾತ್ರ ಬರುತ್ತದೆ. ಬಾಯ್ಲರ್ ಉದ್ಯಮದಲ್ಲಿ ಮುಖ್ಯವಾಗಿ ಬೆಳವಣಿಗೆಗೆ ಆಯ್ದ ಗಂಡು ಸಾಲು ಬೇರೆ, ಮೊಟ್ಟೆಯನ್ನೂ ನೋಡಿ ಆಯ್ದ ಹೆಣ್ಣು ಸಾಲು ಬೇರೆ. ಅಂದರೆ ಅಂಗಡಿಯ ಪ್ರತಿ ಬಾಯ್ಲರಿನ ಮೈಟೊಕಾಂಡ್ರಿಯದ ಡಿಎನ್ಎ ಅದರ ತಾಯಿಯ ತಾಯಿಯ ಸಾಲಿನದು, ಮುಖ್ಯವಾಗಿ ಬೆಳವಣಿಗೆಗೆಂದು ಆಯ್ಕೆಯಾದ ಗಂಡು ಸಾಲಿನದಲ್ಲ. ಯಂತ್ರದ ಉಳಿದ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳ ಜೀನುಗಳು ಕೋಶಕೇಂದ್ರದಲ್ಲಿದ್ದು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ. ಎರಡೂ ಕಡೆಯ ಭಾಗಗಳು ಒಂದಕ್ಕೊಂದು ಕೂರಬೇಕು. ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಕೊಟ್ಟ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ನಮ್ಮ ಬಿಸಿಲು, ನಮ್ಮ ತೆರೆದ ಶೆಡ್ಡಿನ ನಡುವೆ ಇಟ್ಟು ನೋಡಬೇಕೆಂದು ನನ್ನ ಆಸೆ. ಹೊರದೇಶದ ತಳಿ ಕಂಪನಿಗಳು ಆಯ್ಕೆ ಮಾಡುವುದು ತಾಪಮಾನ ಹಿಡಿತದಲ್ಲಿರುವ ಮನೆಗಳಲ್ಲಿ. ಆ ಕೋಳಿ ಬಂದು ಬೆಳೆಯಬೇಕಾದ್ದು ಶೀಟಿನ ಕೆಳಗೆ, 38 ಡಿಗ್ರಿಯಲ್ಲಿ.

ಮೈಟೊಕಾಂಡ್ರಿಯಕ್ಕೆ ಶಕ್ತಿ ಕೊಡುತ್ತದೆ ಎಂದು ಬಾಟಲಿಯಲ್ಲಿ ಮಾರುವ ಪದಾರ್ಥಗಳ ಬಗ್ಗೆ ಸಾಕಣೆದಾರರು ಕೇಳುತ್ತಾರೆ. ಕೋಎನ್‌ಜೈಮ್ ಕ್ಯೂ10, ಕಾರ್ನಿಟಿನ್, ವಿಟಮಿನ್ ಇ ಇವುಗಳಿಂದ ಕೆಲವು ಪ್ರಯೋಗಗಳಲ್ಲಿ ಪ್ರಯೋಜನ ಕಂಡಿದೆ. ಆದರೆ ರಾತ್ರಿ ಗಾಳಿಯಾಡದ, ಅಮೋನಿಯ ತುಂಬಿದ ಶೆಡ್ಡಿಗೆ ಬಾಟಲಿ ತರುವ ಮೊದಲು ಪರದೆಯ ಮೇಲಂಚನ್ನು ಒಂದು ಅಡಿ ಬಿಡಿ ಎಂದು ನಾನು ಹೇಳುತ್ತೇನೆ. ಟರ್ಬೈನ್ ಎಷ್ಟೇ ಒಳ್ಳೆಯದಿರಲಿ, ಕೊನೆಯಲ್ಲಿ ಎಲೆಕ್ಟ್ರಾನು ಹಿಡಿಯಲು ಆಮ್ಲಜನಕ ಇರಲೇಬೇಕು.

ಕಾಂಟ್ರಾಕ್ಟಿನ ಅನ್ಯಾಯ ನನಗೆ ಕಾಣುವುದೂ ಈ ಲೆಕ್ಕದಲ್ಲೇ. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು. ಮರಿಯ ತಾಯಿ ಯಾವ ಸಾಲಿನದು, ಅದರ ಕೋಶ ಎಷ್ಟು ಸೋರುತ್ತದೆ ಎಂಬುದು ಸಾಕುವವರ ಕೈಯಲ್ಲಿಲ್ಲ. ಡಿಸೆಂಬರಿನ ಚಳಿ, ಏಪ್ರಿಲಿನ ಬಿಸಿಲು ಕೂಡ ಅವರ ಕೈಯಲ್ಲಿಲ್ಲ. ಎಫ್‌ಸಿಆರ್ 0.1 ಜಾರಿದರೆ ಕೂಲಿ ಕಡಿತ ಮಾತ್ರ ಅವರದು. ಋತುಮಾನಕ್ಕೆ ತಕ್ಕ ಎಫ್‌ಸಿಆರ್ ಗುರಿಯನ್ನು ಒಪ್ಪಂದದಲ್ಲೇ ಬರೆಯುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಮೊದಲು ಶೆಡ್ಡಿನೊಳಗೆ ಏನಾಯಿತೆಂಬ ದಾಖಲೆ ಬೇಕು.

ಆ ಕೋಲಾರದ ಶೆಡ್ಡಿನ ಬಾಗಿಲಿಗೂ ಬ್ಯಾಚ್ ಕಾರ್ಡು ನೇತುಹಾಕಿತ್ತು. ಹಾಕಿದ ಮೂಟೆ, ಸತ್ತ ಕೋಳಿ, ವಾರದ ತೂಕ, ಕೊಟ್ಟ ಲಸಿಕೆ ಎಲ್ಲಕ್ಕೂ ಕಾಲಂ ಇತ್ತು, ರಾತ್ರಿಯ ಉಷ್ಣಾಂಶಕ್ಕೆ ಇರಲಿಲ್ಲ. ಕಾರ್ಡು ತಿರುಗಿಸಿ ಹಿಂಬದಿಯಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದುಕೊಟ್ಟೆ: ಬೆಳಗಿನ ಜಾವ ನಾಲ್ಕಕ್ಕೆ ಎಷ್ಟು ಡಿಗ್ರಿ, ಮಧ್ಯಾಹ್ನ ಮೂರಕ್ಕೆ ಎಷ್ಟು. ಮುಂದಿನ ಬ್ಯಾಚಿನ ಮರಿ ಇಳಿದ ದಿನವೇ ಯಜಮಾನರು ಬರೆಯಲು ಶುರುಮಾಡಿದ್ದಾರೆ. ಮೊದಲ ಸಾಲಿನಲ್ಲಿ 14 ಎಂದಿದೆ.